ಹಿಮಕ್ಕೆ ಪಾಕ ಬರುವ ಹೊತ್ತು

ಬೆಟ್ಟ ಹತ್ತಿಸುವ ಕೆಲಸಕ್ಕೆ ಹೊಸದಾಗಿ ಸೇರಿದವರು ಕೆಂಗೇರಿ ಉಪನಗರದ ನನ್ನ ಮನೆಗೆ ಬಂದರೆ ಮೊದಲು ಎತ್ತುವುದು ಬೂಟಿನ ಮಾತು. ಯಾವ ಬೂಟು ಗಟ್ಟಿ, ಯಾವ ಜಾಕೆಟ್ಟು ಬೆಚ್ಚಗೆ, ಹವಾಮಾನ ಹೇಳುವ ಯಾವ ಆ್ಯಪ್ ನಂಬಬಹುದು. ನಾನು ಎದ್ದು ಅಡುಗೆಮನೆಗೆ ಹೋಗಿ ಒಂದು ತಟ್ಟೆಯಲ್ಲಿ ಸಬ್ಬಕ್ಕಿ, ಇನ್ನೊಂದರಲ್ಲಿ ಸಕ್ಕರೆ ತಂದು ಅವರ ಮುಂದಿಡುತ್ತೇನೆ. ಪಾಯಸ ಮಾಡಿಕೊಡುತ್ತಾರೇನೋ ಎಂದು ಆಸೆಯಿಂದ ಕಾದು ಕುಳಿತವರೂ ಇದ್ದಾರೆ. ಪಾಯಸ ಆಮೇಲೆ ಆಗುತ್ತದೆ. ಮೊದಲು ಪಾಠ.

ನಾನು ಈ ಕೆಲಸ ಮಾಡಿದ್ದು ಮಾರೇನಹಳ್ಳಿಯಲ್ಲಿ, ಒಂದು ಹಿಟ್ಟಿನ ಗಿರಣಿಯ ಮಹಡಿಯ ಮೇಲಿದ್ದ ಸಣ್ಣ ಕಚೇರಿಯಿಂದ. ಕೆಳಗೆ ರಾಗಿ ಬೀಸುತ್ತಿದ್ದರೆ ಮೇಲೆ ನಮ್ಮ ಮೇಜು ಕುರ್ಚಿಗಳೆಲ್ಲ ಸಣ್ಣಗೆ ನಡುಗುತ್ತಿದ್ದವು. ಮಳೆಗಾಲ ಮುಗಿದ ಮೇಲೆ, ಹಿಮಾಚಲದ ಬೆಟ್ಟಗಳಿಗೆ ಮೊದಲ ಹಿಮ ಬೀಳುವ ಹೊತ್ತಿಗೆ, ವಿಜಯನಗರ, ರಾಜಾಜಿನಗರದ ಕಡೆಯ ಜನರನ್ನು ಗುಂಪು ಕಟ್ಟಿ ಕರೆದೊಯ್ಯುವುದು ನಮ್ಮ ಕಸುಬು. ಯಜಮಾನರು ನಾಗಭೂಷಣ್ ಸಾರ್. ಅವರ ಕೊರಳಲ್ಲಿ ಸದಾ ಒಂದು ಸೀಟಿ. ಒಂದು ಸಲ ಊದಿದರೆ ಟೀ, ಎರಡು ಸಲ ಊದಿದರೆ ಸಾಲಾಗಿ ನಿಲ್ಲಬೇಕು, ಮೂರು ಸಲ ಊದಿದರೆ ಯಾರೋ ಬೈಸಿಕೊಳ್ಳಬೇಕು ಎಂದು ಲೆಕ್ಕ.

ಈ ಕೆಲಸವೆಂದರೆ ಶಿಖರದ ಮೇಲೆ ಬಾವುಟ ಹಿಡಿದು ನಿಲ್ಲುವುದು ಎಂದುಕೊಂಡು ಬರುವವರಿಗೆ ಹೇಳಿಬಿಡುತ್ತೇನೆ. ತಲೆ ಎಣಿಸುವುದು, ನೀರು ಕುಡಿಯಿರಿ ಎಂದು ಕಾಡುವುದು, ಬಸ್ಸಿನಲ್ಲಿ ಬಿಟ್ಟುಬಂದ ಸ್ವೆಟರು ಹುಡುಕುವುದು, ಬೆಳಗ್ಗೆ ಯಾರಿಗೆ ಹೊಟ್ಟೆ ಸರಿಯಿಲ್ಲ ಎಂದು ವಿಚಾರಿಸುವುದು, ಇದೇ ಮುಕ್ಕಾಲು ಪಾಲು. ನಮ್ಮ ಕಡೆಯವರು ಹಿಮದಲ್ಲಿ ಮಾಡುವ ಎಡವಟ್ಟುಗಳೂ ನಮ್ಮವೇ. ಒಬ್ಬ ನಿವೃತ್ತ ಮೇಷ್ಟ್ರು ಒಗೆದ ಪಂಚೆಯನ್ನು ಹಗ್ಗದ ಮೇಲೆ ಹರವಿದ್ದರು. ಬೆಳಗ್ಗೆ ಅದನ್ನು ಬಾಗಿಲಿನ ಹಾಗೆ ಗೋಡೆಗೆ ಒರಗಿಸಿ ನಿಲ್ಲಿಸಬೇಕಾಯಿತು. ಇನ್ನೊಬ್ಬ ತಾಯಿ ಮೊಸರಿಗೆ ಹೆಪ್ಪು ಹಾಕಿ ಕಿಟಕಿಯಲ್ಲಿಟ್ಟು, ಮಾರನೆಯ ದಿನ ಅದನ್ನು ಚಮಚದಿಂದ ಕುಟ್ಟಿ ಕುಟ್ಟಿ ಬಡಿಸಿದರು. ಮಜ್ಜಿಗೆ ಹುಳಿ ಮಾಡಲು ಅದು ಸೊಗಸಾಗಿಯೇ ಇತ್ತು.

ಹೊರಡುವ ಮುಂಚಿನ ಭಾನುವಾರ ಕಚೇರಿಯಲ್ಲಿ ಹಿಮದ ಬಗ್ಗೆ ತರಗತಿ ನಡೆಯುತ್ತಿತ್ತು. ಗೋಡೆಯ ಮೇಲೆ ಇಂಗ್ಲಿಷಿನ ನಕ್ಷೆ ತೂಗುಹಾಕಿ ಸಾರ್ ವಿವರಿಸುತ್ತಿದ್ದರು. ಗಿರಣಿಯ ಸದ್ದಿಗೆ ಅರ್ಧ ಜನಕ್ಕೆ ಕೇಳುತ್ತಿರಲಿಲ್ಲ, ಉಳಿದರ್ಧ ತೂಕಡಿಸುತ್ತಿದ್ದರು. ನಮ್ಮಜ್ಜಿ ಕೆಂಗೇರಿಯ ಹಿಂದಿನ ಹಳ್ಳಿಯವಳು. ಅವಳಿಗೆ ಬರೀ ಮಳೆ ಎಂಬುದಿರಲಿಲ್ಲ. ಸೋನೆ, ಜಡಿ, ತುಂತುರು, ಬಿರುಮಳೆ ಎಂದು ಒಂದೊಂದಕ್ಕೂ ಹೆಸರಿಟ್ಟು, ಯಾವುದಕ್ಕೆ ಬಟ್ಟೆ ಒಳಗೆ ತರಬೇಕು, ಯಾವುದಕ್ಕೆ ತರಬೇಕಿಲ್ಲ ಎಂದು ಹೇಳುತ್ತಿದ್ದಳು. ಹಿಮಕ್ಕೂ ಹಾಗೆ ಮನೆಯ ಹೆಸರಿಟ್ಟರೆ ಜನ ಮರೆಯುವುದಿಲ್ಲ ಅನ್ನಿಸಿತು. ಒಂದು ಭಾನುವಾರ ಕೆಳಗಿನ ಗಿರಣಿಯಿಂದ ಮೊರಗಳನ್ನು ತಂದು, ಒಂದೊಂದರಲ್ಲಿ ಒಂದೊಂದು ಅಡುಗೆ ಸಾಮಾನು ಹರವಿ ಪಾಠ ಶುರುಮಾಡಿದೆ.

ಗಾಳಿಯಿಲ್ಲದೆ ಮೆತ್ತಗೆ ಬಿದ್ದ ಹೊಸ ಹಿಮ ಮೈದಾ ಹಿಟ್ಟು, ಕಾಲು ಹೂತುಹೋಗುತ್ತದೆ. ಉರುಟಾದ ಸಣ್ಣ ಕಾಳಾಗಿ ಬೀಳುವುದು ಸಬ್ಬಕ್ಕಿ; ಕಲ್ಲಿನ ಮೇಲಿದ್ದರೆ ಕಾಲಡಿ ಉರುಳುತ್ತದೆ. ಗಾಳಿ ಬೀಸಿ ಮೇಲ್ಪದರ ಗಟ್ಟಿಯಾದರೆ ಹಪ್ಪಳ. ಕಾಲಿಟ್ಟರೆ ಪಟ್ಟನೆ ಮುರಿಯುತ್ತದೆ. ಎಲ್ಲಕ್ಕಿಂತ ಮೋಸದ್ದು ಸಕ್ಕರೆ. ಚಳಿಗಾಲದ ಮೊದಲಲ್ಲಿ ತೆಳುವಾಗಿ ಬಿದ್ದ ಹಿಮ, ಮೋಡವಿಲ್ಲದ ಚಳಿರಾತ್ರಿಗಳಲ್ಲಿ ಒಳಗೊಳಗೇ ಹರಳುಹರಳಾಗಿ, ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ ಉಳಿದುಬಿಡುತ್ತದೆ. ಮೇಲೆ ಎಷ್ಟೇ ಚೆನ್ನಾದ ಹಿಮ ಬಿದ್ದರೂ ಅದು ಸಕ್ಕರೆಯ ರಾಶಿಯ ಮೇಲೆ ಹಾಸಿದ ಚಾಪೆ. ಇಳಿಜಾರಿನಲ್ಲಿ ಕಾಲಿಟ್ಟವರ ಸಮೇತ ಚಾಪೆ ಜಾರುತ್ತದೆ.

ಇದನ್ನೆಲ್ಲ ಹೇಳುತ್ತಿದ್ದಾಗ ಬಾಗಿಲಲ್ಲಿ ಒಂದು ಹಿಟ್ಟಿನ ಡಬ್ಬಿ ಹಿಡಿದು ಹೆಂಗಸೊಬ್ಬರು ನಿಂತಿದ್ದರು. ಬಸವೇಶ್ವರನಗರದ ಗಂಗಮ್ಮನವರು. ದಾವಣಗೆರೆ ಕಡೆಯಿಂದ ಮದುವೆಯಾಗಿ ಬಂದು ಇಲ್ಲೇ ಮೊಮ್ಮಕ್ಕಳನ್ನು ಕಂಡವರು. ಚಕ್ಕುಲಿ ಹಿಟ್ಟು ಬೀಸಿಸಲು ಬಂದಿದ್ದರಂತೆ. ತಮ್ಮ ಸರದಿ ಬರುವ ತನಕ ಮೇಲೇನು ಗಲಾಟೆ ಎಂದು ನೋಡಲು ಹತ್ತಿದ್ದರು. ಮೊರ ನೋಡಿ, ಅಂಗಡಿ ಇಟ್ಟಿದ್ದೀರಾ, ಸಬ್ಬಕ್ಕಿ ಎಷ್ಟಕ್ಕೆ ಕೊಡುತ್ತೀರಿ ಎಂದು ಕೇಳಿದರು. ಇದು ಹಿಮ ಎಂದು ನಾನು ಹೇಳಿದೆ. ಅವರು ಮೊರದ ಹತ್ತಿರ ಬಂದು ಕುಳಿತು ಪಾಠ ಪೂರ್ತಿ ಕೇಳಿದರು. ಕೆಳಗೆ ಅವರ ಸರದಿ ಬಂದು ಹೋಯಿತು.

ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ. ನಾವು ಹೋಗುವ ಬೆಟ್ಟದ ನೆತ್ತಿಯಲ್ಲಿ ಒಂದು ಕಲ್ಲುಗುಡಿಯಿದೆ, ಅಲ್ಲಿ ನಿಂತರೆ ಶಿವನ ಮನೆ ಎಂದು ಆ ಊರಿನವರು ಕೈಮುಗಿಯುವ ಶಿಖರ ಕಾಣುತ್ತದೆ ಎಂದು ಸಾರ್ ಹೇಳಿದ್ದರು. ಅಲ್ಲಿ ಕಾರ್ತಿಕ ಸೋಮವಾರ ದೀಪ ಹಚ್ಚಬಹುದೇ?

ಹಚ್ಚಬಹುದು ಎಂದು ಸಾರ್ ಹೇಳಿಬಿಟ್ಟರು. ಯಜಮಾನರು ಯಾವತ್ತೂ ಹಾಗೇ. ಹಚ್ಚಬಹುದು ಎನ್ನುವುದು ಅವರು, ಹಚ್ಚಿಸಬೇಕಾದವರು ನಾವು.

ಹೊರಡುವ ದಿನ ಗಂಗಮ್ಮನವರ ಕೈಚೀಲದಲ್ಲಿ ಒಂದು ಸ್ಟೀಲ್ ಡಬ್ಬಿಯಿತ್ತು. ಅವರ ಬೀದಿಯ ಅಕ್ಕನ ಬಳಗದ ಹೆಂಗಸರೆಲ್ಲ ಮನೆಗೊಂದರಂತೆ ಹೊಸೆದುಕೊಟ್ಟ ಹೂಬತ್ತಿಗಳು ಅದರಲ್ಲಿದ್ದವು. ಮಂಡಿ ನೋವಿನವರು, ಮನೆ ಬಿಟ್ಟು ಬರಲಾಗದವರು, ಎದುರುಮನೆಯಲ್ಲಿ ಹಾಸಿಗೆ ಹಿಡಿದಿದ್ದ ಶಾರದಮ್ಮ, ಎಲ್ಲರ ಬತ್ತಿಯೂ ಇತ್ತು. ಬೆಟ್ಟ ಹತ್ತುವುದು ನಾನೊಬ್ಬಳೇ ಆದರೂ ದೀಪ ಹಚ್ಚುವುದು ಇಡೀ ಬೀದಿ ಎಂದು ರೈಲಿನಲ್ಲಿ ಎಲ್ಲರಿಗೂ ಡಬ್ಬಿ ತೆರೆದು ತೋರಿಸಿದರು. ಆ ಡಬ್ಬಿಯ ಭಾರ ನನ್ನ ಹೆಗಲಿಗೂ ಬಂದದ್ದು ಆವಾಗಲೇ.

ಊರು ತಲುಪಿದ ದಿನ ಹಿಮವೇ ಇರಲಿಲ್ಲ. ನೆತ್ತಿಯ ಕಡೆ ನೆರಳಿನ ಮಗ್ಗುಲಲ್ಲಿ ಮಾತ್ರ ಹಳೆಯ ಬಿಳಿ ತೇಪೆಗಳು. ಗುಂಪಿನಲ್ಲಿದ್ದ ರಾಜಾಜಿನಗರದ ಇಬ್ಬರು ಹುಡುಗರು, ಸ್ನೋ ಎಲ್ಲಿ ಅಣ್ಣಾ ಎಂದು, ಅದು ನನ್ನ ಜೇಬಿನಲ್ಲಿದೆಯೇನೋ ಎಂಬಂತೆ ಕೇಳುತ್ತಿದ್ದರು. ಶನಿವಾರ ಮಧ್ಯಾಹ್ನ ಗಾಳಿ ದಿಕ್ಕು ತಿರುಗಿಸಿತು. ಸೂರ್ಯನ ಸುತ್ತ ಒಂದು ಮಬ್ಬು ಬಳೆ ಕಟ್ಟಿತು. ನಮ್ಮ ಸ್ಥಳೀಯ ಮಾರ್ಗದರ್ಶಿ ದೇವ್ ಸಿಂಗ್ ಮೂಗು ಮೇಲೆತ್ತಿ, ಕುರಿಗಳನ್ನು ಬೇಗ ಒಳಗೆ ಹೊಡೆಯಲು ಹೋದ. ಸಂಜೆಯ ಹೊತ್ತಿಗೆ ಮೊದಲು ಸಬ್ಬಕ್ಕಿ, ಆಮೇಲೆ ಮೈದಾ. ಹುಡುಗರು ಬಾಯಿ ತೆರೆದು ಆಕಾಶ ನೋಡುತ್ತಾ ನಾವಿಳಿದಿದ್ದ ತಂಗುಮನೆಯ ಅಂಗಳದಲ್ಲಿ ಗಿರಗಿರ ತಿರುಗಿದರು.

ಭಾನುವಾರ ಬೆಳಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಮೋಡ ಸರಿದ ಮೇಲಿನ ಬೆಳಗು ಹಿಮ ಬೀಳುವ ರಾತ್ರಿಗಿಂತ ಹೆಚ್ಚು ಚಳಿ ಎಂಬುದು ಹೊಸಬರು ನೆನಪಿಡಬೇಕಾದ ಮಾತು. ಗಂಗಮ್ಮನವರು ಎಲ್ಲರಿಗಿಂತ ಮೊದಲು ಎದ್ದರು. ನಾಲ್ಕು ದಶಕ ಬಸವೇಶ್ವರನಗರದಲ್ಲಿ ದಿನಾ ಮಾಡಿದ್ದನ್ನೇ ಮಾಡಿದರು. ಪೊರಕೆ ಹಿಡಿದು ಬಾಗಿಲ ಮುಂದಿನ ಹಿಮ ಗುಡಿಸಿದರು. ಒಂದು ಬಕೆಟ್ ನೀರು ತಂದು ಕಲ್ಲುಚಪ್ಪಡಿಗೆ ಧಾರಾಳವಾಗಿ ಚೆಲ್ಲಿದರು. ರಂಗೋಲಿ ಡಬ್ಬಿ ತರಲು ಒಳಗೆ ಹೋದರು.

ಅವರು ಡಬ್ಬಿ ಹುಡುಕಿ ಬರುವಷ್ಟರಲ್ಲಿ ಚಪ್ಪಡಿ ಗಾಜಾಗಿತ್ತು. ನಾಗಭೂಷಣ್ ಸಾರ್ ಸೀಟಿ ಬಾಯಲ್ಲಿಟ್ಟುಕೊಂಡು, ಟೀಗೆ ಕರೆಯಲು ಗತ್ತಿನಿಂದ ಹೊಸ್ತಿಲು ದಾಟಿದರು. ಮುಂದಿನದನ್ನು ನಾನು ನೋಡಲಿಲ್ಲ, ಕೇಳಿದೆ. ಬಿದ್ದ ರಭಸಕ್ಕೆ ಸೀಟಿ ತಾನಾಗಿಯೇ ಎರಡು ಸಲ ಊದಿತು. ಎರಡು ಸಲ ಎಂದರೆ ಸಾಲು. ಎಲ್ಲರೂ ಕಂಬಳಿ ಹೊದ್ದುಕೊಂಡೇ ಶಿಸ್ತಾಗಿ ಓಡಿಬಂದರು. ಮುಂದಿದ್ದವರು ಸಾಲಾಗಿಯೇ ಬಿದ್ದರು.

ಬೇರೆ ಯಾರಿಗೂ ಏನೂ ಆಗಲಿಲ್ಲ. ಸಾರ್‌ಗೆ ಮಾತ್ರ ಕೂರುವ ಜಾಗದ ಮೂಳೆಗೆ ಚೆನ್ನಾಗಿ ಪೆಟ್ಟಾಗಿತ್ತು. ಗಂಗಮ್ಮನವರು ರಂಗೋಲಿ ಡಬ್ಬಿ ಹಿಡಿದು ಬಾಗಿಲಲ್ಲೇ ಕಲ್ಲಾಗಿ ನಿಂತಿದ್ದರು. ಬಿಸಿನೀರಿನ ಚೀಲದ ಮೇಲೆ ಕುಳಿತ ಸಾರ್ ಅವರನ್ನು ಕರೆದು ಹೇಳಿದರು.

"ಅಮ್ಮಾ, ಬೈಯೋಕೆ ಮೂರು ಸಲ ಸೀಟಿ ಊದ್ಬೇಕು. ಊದೋಕೂ ನೋವಾಗ್ತಿದೆ. ಹೋಗ್ಲಿ ಬಿಡಿ."

ಗಂಗಮ್ಮನವರು ಒಳಗೆ ಹೋಗಿ ಒಲೆಯ ಬೂದಿ ಗೋರಿಕೊಂಡು ಬಂದು ಚಪ್ಪಡಿಯ ತುಂಬ ಎರಚಿದರು. ಕಾಲು ನಿಂತಿತು. ಮಾರನೆಯ ದಿನದ ದಾರಿಗೂ ಇರಲಿ ಎಂದು ಒಂದು ಚೀಲದಲ್ಲಿ ಬೂದಿ ತುಂಬಿ ಕಟ್ಟಿಟ್ಟುಕೊಂಡರು.

ಹೀಗೆ ಮೊದಲ ಬಾರಿಗೆ ಗುಂಪು ನನ್ನ ಕೈಗೆ ಬಂತು. ಒಳ್ಳೆಯ ಮೇಲಧಿಕಾರಿ ಯಾರೆಂದು ಕೇಳಿದರೆ ನಾನು ಸಾರ್ ಅವತ್ತು ಹೇಳಿದ ಮಾತನ್ನೇ ಹೇಳುತ್ತೇನೆ. "ರಾಜಣ್ಣ, ದೇವ್ ಸಿಂಗ್ ಬೇಡ ಅಂದ್ರೆ ಬೇಡ. ಅವನು ಹ್ಞೂಂ ಅಂದು ನಿಂಗೆ ಬೇಡ ಅನ್ನಿಸಿದ್ರೂ ಬೇಡ. ಕಾರಣ ನನಗೆ ಹೇಳ್ಬೇಕಾಗಿಲ್ಲ." ನೆತ್ತಿಯಲ್ಲಿ ದೀಪ ಹಚ್ಚಬಹುದು ಎಂದು ಮಾತು ಕೊಟ್ಟವರು ಅವರೇ. ಆದರೂ ಹಾಗೆ ಹೇಳಿದರು.

ಅದು ಕಡೆಯ ಕಾರ್ತಿಕ ಸೋಮವಾರ. ಬಿಸಿಲು ಬಂದ ಮೇಲೆ ಹೊರಟೆವು. ಕಾಡಿನೊಳಗೆ ಒಂದು ಒರತೆ ದಾರಿಗೆ ಅಡ್ಡ ಹರಿದು ಹೆಪ್ಪುಗಟ್ಟಿತ್ತು. ಗಂಗಮ್ಮನವರು ಚೀಲ ಬಿಚ್ಚಿ ಬೂದಿ ಎರಚಿ, ದಾರಿಗೂ ವಿಭೂತಿ ಹಚ್ಚಿದ್ದಾಯಿತು, ಇನ್ನು ಧೈರ್ಯವಾಗಿ ಬನ್ನಿ ಎಂದು ಎಲ್ಲರನ್ನೂ ದಾಟಿಸಿದರು. ಹುಡುಗರು ಅವರ ಚೀಲ ಹೊರುತ್ತೇವೆ ಎಂದರೂ ಬತ್ತಿಯ ಡಬ್ಬಿಯನ್ನು ಕೊಡಲಿಲ್ಲ. ಅದು ಶಾಲಿನೊಳಗೆ ಎದೆಗವಚಿಕೊಂಡೇ ಇತ್ತು.

ಮರಗಳು ಮುಗಿದ ಮೇಲೆ ಕಲ್ಲುಗುಡಿ ಕಂಡಿತು. ಗುಡಿಯ ಮುಂದಿನ ಕೆಂಪು ಬಾವುಟದ ಅಂಚು ಹರಿದಿರುವುದೂ ಕಾಣುವಷ್ಟು ಹತ್ತಿರ. ನಡುವೆ ಇದ್ದದ್ದು ಒಂದೇ ಇಳಿಜಾರು, ಅದನ್ನು ಅಡ್ಡಡ್ಡ ದಾಟಬೇಕು. ಕೆಳಗೆ ಕಲ್ಲಿನ ಕೊರಕಲು. ದೇವ್ ಸಿಂಗ್ ಒಂದು ಹೆಜ್ಜೆ ಮುಂದಿಟ್ಟ. ಹಪ್ಪಳ ಮುರಿದ ಸದ್ದು. ಅದರ ಹಿಂದೆಯೇ ಅಡಿಯಿಂದ ಗುಮ್ಮೆಂದು, ಹಳೆಯ ಹಾಸಿಗೆಯ ಮೇಲೆ ಯಾರೋ ಕುಳಿತಂತೆ, ಇನ್ನೊಂದು ಸದ್ದು. ಅವನು ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡ. ನನ್ನ ಮುಖ ನೋಡಿದ.

ನಾನು ಕೈಗವಸು ತೆಗೆದು ತೋಡಿದೆ. ಮೇಲೆ ಹಪ್ಪಳ, ಕೆಳಗೆ ಸಕ್ಕರೆ. ಒಂದು ಹಿಡಿ ತೆಗೆದು ಅಮುಕಿದೆ. ಉಂಡೆ ಕಟ್ಟಲಿಲ್ಲ, ಬೆರಳ ಸಂದಿಯಿಂದ ಸುರಿದುಹೋಯಿತು.

ವಾಪಸ್ ಹೋಗೋಣ ಎಂದೆ. ಹುಡುಗರು ಬಿಡಲಿಲ್ಲ. ಅಣ್ಣಾ, ಇಲ್ಲೇ ಕಾಣ್ತಾ ಇದೆಯಲ್ಲ, ಒಬ್ಬೊಬ್ಬರಾಗಿ ಓಡಿಬಿಡೋಣ ಎಂದರು. ಕಾಣುತ್ತಿದೆ ಎಂಬುದೇ ನಮ್ಮ ಕೆಲಸದ ದೊಡ್ಡ ಕಷ್ಟ. ಕಾಣದ ಗುಡಿಯಿಂದ ಜನರನ್ನು ಹಿಂದಿರುಗಿಸುವುದು ಸುಲಭ. ಗಂಗಮ್ಮನವರು ಮಾತ್ರ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು.

"ರಾಜಣ್ಣ, ಈ ಬತ್ತಿಗಳಿಗೆ ಏನ್ ಹೇಳ್ಲಪ್ಪ ನಾನು?"

ತೋಡಿದ ಗುಂಡಿ ತೋರಿಸಿ, "ನೀವೇ ಒಂದು ಹಿಡಿ ತೆಗೆದು ಉಂಡೆ ಕಟ್ಟಿ ನೋಡಿ ಅಮ್ಮ" ಎಂದೆ. ಅವರು ಬಗ್ಗಿ ಅಮುಕಿದರು. ಮತ್ತೆ ಅಮುಕಿದರು. ಅಂಗೈ ಬಿಚ್ಚಿ ನೋಡಿ ಕೊಡವಿಕೊಂಡರು. ಇಲ್ಲೇ ಒಂದು ಕಲ್ಲಿನ ಮೇಲೆ ಹಚ್ಚಿಬಿಡಿ ಎಂದು ಯಾರೋ ಸಮಾಧಾನ ಹೇಳಿದರು. ನಡುದಾರಿಯಲ್ಲಿ ಹಚ್ಚಿ ಬಾ ಎಂದು ಯಾರೂ ಕೊಟ್ಟಿಲ್ಲ ಎಂದಷ್ಟೇ ಹೇಳಿ ಗಂಗಮ್ಮನವರು ಮುಂದಾಗಿ ಇಳಿಯತೊಡಗಿದರು.

ಆ ಇಳಿಜಾರು ಅವತ್ತು ಜಾರಿತೇ ಎಂದು ಹೊಸಬರು ಕೇಳುತ್ತಾರೆ. ಇಲ್ಲ. ನಾವು ಊರು ಬಿಡುವವರೆಗೂ ಜಾರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಸರಿಯಾಗಿ ಹಿಂದಿರುಗಿದ್ದಕ್ಕೆ ಬೆಟ್ಟ ಯಾವತ್ತೂ ರಸೀತಿ ಕೊಡುವುದಿಲ್ಲ. ಜನ ಸಿಟ್ಟಾಗುತ್ತಾರೆ, ಇಳಿಜಾರು ಏನೂ ಗೊತ್ತಿಲ್ಲದ ಹಾಗೆ ಬಿಸಿಲು ಕಾಯಿಸುತ್ತಾ ಕುಳಿತಿರುತ್ತದೆ. ಅದನ್ನು ತಡೆದುಕೊಳ್ಳಲಾಗದವರು ಬೇರೆ ಕೆಲಸ ನೋಡಿಕೊಳ್ಳುವುದು ಒಳ್ಳೆಯದು.

ಹಿಂದಿರುಗುವ ರೈಲಿನಲ್ಲಿ ಗಂಗಮ್ಮನವರು ನನ್ನೊಡನೆ ಮಾತು ಬಿಟ್ಟರು. ಎದುರಿನ ಸೀಟಿನಲ್ಲೇ ಕುಳಿತು, ಪಕ್ಕದ ಹುಡುಗನಿಗೆ, ರಾಜಣ್ಣನಿಗೆ ಚಕ್ಕುಲಿ ಕೊಡಪ್ಪ ಎನ್ನುವರು. ನಾನು, ಅಮ್ಮನಿಗೆ ಚೆನ್ನಾಗಿದೆ ಅಂತ ಹೇಳಪ್ಪ ಎನ್ನುವೆ. ಹುಡುಗ ಇಬ್ಬರ ಮಧ್ಯೆ ಅಂಚೆಯವನಾಗಿಬಿಟ್ಟ. ಒಮ್ಮೆ, ಔಷಧಿಯ ಡಬ್ಬಿಯಲ್ಲಿ ಹತ್ತಿ ಇದೆಯೇ ಕೇಳು ಎಂದು ಕಳಿಸಿದರು. ಕಿವಿ ನೋವಿರಬೇಕು ಎಂದುಕೊಂಡು ಕೊಟ್ಟೆ. ಏಕೆಂದು ಕೇಳುವ ಧೈರ್ಯವಾಗಲಿಲ್ಲ. ಬೋಗಿಯ ಇನ್ನೊಂದು ತುದಿಯಲ್ಲಿ ಸಾರ್ ಮಾತ್ರ ದಾರಿಯುದ್ದಕ್ಕೂ ಬೋರಲಾಗಿ ಮಲಗಿ ಪ್ರಯಾಣ ಮಾಡಿದರು.

ಕೆಲವು ವಾರಗಳಾದ ಮೇಲೆ ಗಿರಣಿಗೆ ಬಂದ ಗಂಗಮ್ಮನವರು ಮಹಡಿ ಹತ್ತಿ ಬಂದರು. ಬೀದಿಯವರಿಗೆಲ್ಲ ಏನು ಹೇಳಿದಿರಿ ಎಂದು ನಾನೇ ಕೇಳಿದೆ. ನಡೆದದ್ದನ್ನೇ ಹೇಳಿದರಂತೆ. ಕೆಲವರಿಗೆ ಬೇಸರವಾಯಿತಂತೆ. ಆಗ ಶಾರದಮ್ಮ ಹಾಸಿಗೆಯಲ್ಲೇ ದಿಂಬಿಗೆ ಒರಗಿ ಕುಳಿತು ಕೇಳಿದರಂತೆ, ಹಿಮ ಉಂಡೆ ಕಟ್ಟಲಿಲ್ಲ ಅಂದೆಯಲ್ಲ, ಹಾಗಾದರೆ ಪಾಕ ಬಂದಿರಲಿಲ್ಲವೇ ಎಂದು. ಶಾರದಮ್ಮ ಒಂದು ಕಾಲದಲ್ಲಿ ಬೀದಿಯ ಅಷ್ಟೂ ಮದುವೆಗಳಿಗೆ ಉಂಡೆ ಕಟ್ಟಿದವರು. ಪಾಕ ಬರುವ ಮುಂಚೆ ಉಂಡೆಗೆ ಕೈಹಾಕಿದರೆ ಏನಾಗುತ್ತದೆ ಎಂದು ಅಲ್ಲಿದ್ದ ಎಲ್ಲ ಹೆಂಗಸರಿಗೂ ಗೊತ್ತಿತ್ತು. ಮಾತು ಅಲ್ಲಿಗೆ ಮುಗಿಯಿತಂತೆ.

"ಬತ್ತಿ ಡಬ್ಬೀಲೇ ಅದಾವ" ಎಂದರು ಗಂಗಮ್ಮ. "ಬರೋ ಕಾರ್ತಿಕಕ್ಕೆ ನನ್ನ ಹೆಸರು ಬರ್ಕೊ. ಬಾಗಿಲಿಗೆ ನೀರು ಹಾಕಲ್ಲ ಅಂತ ನಿಮ್ಮ ಸಾಹೇಬ್ರಿಗೆ ಹೇಳು."

ಅಂದಿನಿಂದ ನಮ್ಮ ಪಾಠದಲ್ಲಿ ಪಾಕ ಸೇರಿತು. ತೋಡಿ ತೆಗೆದ ಹಿಡಿ ಉಂಡೆ ಕಟ್ಟದೆ ಸುರಿದರೆ ಪಾಕ ಬಂದಿಲ್ಲ. ಕಟ್ಟಿ, ಕೈಯಲ್ಲಿ ನಿಂತರೆ ಪಾಕ ಬಂದಿದೆ. ಹಿಂಡಿದಾಗ ನೀರು ಸೋರಿದರೆ ಪಾಕ ಮೀರಿದೆ, ಮಧ್ಯಾಹ್ನದ ಬಿಸಿಲಿನಲ್ಲಿ ಅಂಥ ಇಳಿಜಾರಿನ ಕೆಳಗೂ ನಿಲ್ಲಬೇಡಿ. ಉಂಡೆಯೊಂದನ್ನೇ ನಂಬಬೇಡಿ ಎಂದೂ ಸೇರಿಸುತ್ತೇನೆ. ಇಳಿಜಾರು ಎಷ್ಟು ಕಡಿದು, ಗಾಳಿ ಯಾವ ಕಡೆಯಿಂದ ಬೀಸಿತು, ಹಿಂದಿನ ವಾರ ಹೇಗಿತ್ತು ಎಂದು ಆ ಊರಿನವರನ್ನು ಕೇಳಬೇಕು. ಈಗ ಫೋನು ಮೂರು ದಿನದ ಮುಂಚೆಯೇ ಹಿಮ ಬೀಳುವ ಹೊತ್ತು ಹೇಳುತ್ತದೆ. ನಮ್ಮ ಕಾಲದಲ್ಲಿ ಅದಿದ್ದಿದ್ದರೆ ಎಷ್ಟೋ ಪೇಚಾಟ ತಪ್ಪುತ್ತಿತ್ತು, ಖಂಡಿತ ಬಳಸಿ. ಆದರೆ ನಿನ್ನೆ ಬಿದ್ದದ್ದು ಹೋದ ವಾರದ್ದರ ಜೊತೆ ಅಂಟಿಕೊಂಡಿದೆಯೋ ಇಲ್ಲವೋ ಎಂದು ಕೈಗವಸು ತೆಗೆದು ನೋಡುವ ಕೆಲಸ ನಿಮಗೇ ಉಳಿದಿದೆ. ಕೈ ಕೊರೆಯುತ್ತದೆ. ಕೊರೆಯಲಿ.

ಮುಂದಿನ ಕಾರ್ತಿಕದಲ್ಲಿ ಹಿಮ ಬೇಗ ಬಂತು, ದಪ್ಪಗೆ ಬಂತು. ಅದರ ಮೇಲೆ ಕೆಲವು ದಿನ ಮೋಡ ಮುಚ್ಚಿದ ಮೆತ್ತನೆಯ ಹವೆ ಇದ್ದು, ಆಮೇಲೆ ಚಳಿ ಕೂತಿತ್ತು. ಚಳಿಗಾಲ ಹಾಗೆ ಶುರುವಾದರೆ ಅದು ಭಾಗ್ಯ. ನಾಗಭೂಷಣ್ ಸಾರ್ ಒಂದು ರಬ್ಬರು ದಿಂಬು ಹಿಡಿದುಕೊಂಡೇ ಬಂದರು. ತಂಗುಮನೆಯ ಬಾಗಿಲಿಗೆ ನೀರು ಹಾಕಬಾರದು ಎಂದು ಕನ್ನಡದಲ್ಲಿ ಬರೆದು ಅಂಟಿಸಿದರು. ದೇವ್ ಸಿಂಗ್ ಅದೇನೋ ಮಂತ್ರವಿರಬೇಕೆಂದು ಅದಕ್ಕೆ ಕುಂಕುಮ ಹಚ್ಚಿದ.

ಸೋಮವಾರ ಅದೇ ಇಳಿಜಾರಿನ ಅಂಚಿಗೆ ಬಂದು ನಿಂತೆವು. ಅದೇ ಬಾವುಟ. ನಾನು ಕೈಗವಸು ತೆಗೆಯುವಷ್ಟರಲ್ಲಿ ಗಂಗಮ್ಮನವರು ಕುಕ್ಕರುಗಾಲಲ್ಲಿ ಕುಳಿತು ತೋಡುತ್ತಿದ್ದರು. ಅಡಿಯವರೆಗೂ ತೋಡಿ, ತಳದ ಹಿಮವನ್ನು ಹಿಡಿಯಲ್ಲಿ ತೆಗೆದು, ತಿರುಗಿಸಿ ತಿರುಗಿಸಿ ಅಮುಕಿ, ಅಂಗೈ ಚಾಚಿದರು. ತಂಬಿಟ್ಟಿನ ಹಾಗೆ ಗುಂಡಗೆ ಕುಳಿತಿತ್ತು.

"ಪಾಕ ಬಂದೈತಿ ರಾಜಣ್ಣ. ನೀನೂ ನೋಡು."

ನಾನು ನೋಡಿದೆ. ದೇವ್ ಸಿಂಗ್ ಮುಂದೆ ಹೋಗಿ ಕಾಲಿನಿಂದ ಒದ್ದು ಒದ್ದು ಮೆಟ್ಟಿಲು ಮಾಡಿದ. ಯಾವ ಸದ್ದೂ ಬರಲಿಲ್ಲ. ಆಚೆ ನಿಂತು ಕೈ ಬೀಸಿದ. ಒಬ್ಬೊಬ್ಬರಾಗಿ ದಾಟಿದೆವು. ಮೇಲೆ ಹೋಗಿ ತಲೆಯೆತ್ತಿದರೆ ಶಿಖರ ಅರ್ಧ ಮೋಡದಲ್ಲಿತ್ತು. ಗಂಗಮ್ಮನವರಿಗೆ ಅಷ್ಟೇ ಸಾಕಾಯಿತು. ಕೈಮುಗಿದು, ಚೀಲ ಇಳಿಸಿ, ಗುಡಿಯ ಹೊಸ್ತಿಲ ಮುಂದಿನ ಹಿಮ ಗುಡಿಸಿದರು. ಆಮೇಲೆ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿದರು.

"ಅಮ್ಮಾ" ಎಂದು ನಾನೂ ಸಾರೂ ಒಟ್ಟಿಗೆ ಕೂಗಿದೆವು. ಸಾರ್ ಆಗಲೇ ಒಂದು ಹೆಜ್ಜೆ ಹಿಂದೆ ಸರಿದಿದ್ದರು.

ಗಂಗಮ್ಮನವರು ನಕ್ಕುಬಿಟ್ಟರು. "ಕುಡಿಯೋಕೆ ಕಣ್ರಪ್ಪ" ಎಂದು ಒಂದು ಗುಟುಕು ಕುಡಿದು ಮುಚ್ಚಳ ಹಾಕಿದರು. ಬೂದಿಯ ಚೀಲ ಬಿಚ್ಚಿ, ಬಿಳಿ ಹಿಮದ ಮೇಲೆ ಬೂದಿಯಲ್ಲೇ ರಂಗೋಲಿ ಎಳೆದರು. ಶಾಲಿನೊಳಗೆ ಬೆಚ್ಚಗಿಟ್ಟಿದ್ದ ತುಪ್ಪ ತೆಗೆದು, ಒಂದೊಂದೇ ಬತ್ತಿ ಅದ್ದಿ, ಯಾರ ಮನೆಯದೆಂದು ಹೆಸರು ಹೇಳುತ್ತಾ ಇಟ್ಟರು. ನಾವು ಸುತ್ತಲೂ ಒತ್ತಾಗಿ ನಿಂತು ಗಾಳಿಗೆ ಗೋಡೆಯಾದೆವು. ಶಾರದಮ್ಮನವರ ಬತ್ತಿ ಎಲ್ಲಕ್ಕಿಂತ ಮೊದಲು ಹತ್ತಿಕೊಂಡಿತು.

ಎಲ್ಲ ಹಚ್ಚಿದ ಮೇಲೆ ಡಬ್ಬಿಯಲ್ಲಿ ಇನ್ನೊಂದು ಉಳಿದಿತ್ತು. ಬೇರೆಯವುಗಳಷ್ಟು ನಯವಿರಲಿಲ್ಲ, ರೈಲಿನ ಕುಲುಕಾಟದಲ್ಲಿ ಹೊಸೆದದ್ದು ಎಂದು ನೋಡಿದರೇ ತಿಳಿಯುತ್ತಿತ್ತು. ಅದನ್ನು ನನ್ನ ಕೈಯಲ್ಲಿಟ್ಟರು.

"ಇದು ನಿಂದು. ಹೋದ ಸಲ ವಾಪಸ್ ಬರ್ತಾ ಹೊಸೆದೆ, ನಿನ್ನ ಔಷಧಿ ಡಬ್ಬಿ ಹತ್ತೀಲೇ. ಮಾತಾಡ್ತಿರ್ಲಿಲ್ಲ ಅಷ್ಟೇ."

ಗಾಳಿ ನಿಂತಿತು ಎಂದು ಬರೆದರೆ ಸುಳ್ಳಾಗುತ್ತದೆ. ನಾನು ಗೀಚಿದ ಎರಡು ಕಡ್ಡಿಯೂ ಆರಿಹೋದವು. ಮೂರನೆಯದಕ್ಕೆ ನಾಗಭೂಷಣ್ ಸಾರ್ ರಬ್ಬರು ದಿಂಬನ್ನು ಅಡ್ಡ ಹಿಡಿದರು. ಹತ್ತಿಕೊಂಡಿತು.